ಕುಸುಬಿ ಎಣ್ಣೆಯ ಬಣ್ಣ

ನಮ್ಮ ಮಾವ ಮನೆಯಲ್ಲಿ ಬಿಯರ್ ಮಾಡುತ್ತಿದ್ದರು ಎಂದರೆ ಈಗಿನವರು ನಗುತ್ತಾರೆ. ಆಗಿನವರೂ ನಗುತ್ತಿದ್ದರು, ಆದರೆ ಬಾಗಿಲು ಮುಂದಕ್ಕೆ ಎಳೆದುಕೊಂಡು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಸಿಂದಗಿ ತಾಲೂಕಿನಲ್ಲಿ, ಕನ್ನೊಳ್ಳಿಗೆ ಹತ್ತಿರದ ಊರು ನಮ್ಮದು. ಅಲ್ಲಿ ಕುಡಿಯುವವರು ಸಿಂದಿ ಕುಡಿಯುತ್ತಿದ್ದರು, ಕುಡಿಯದವರು ಕುಡಿಯುವವರನ್ನು ಬೈದುಕೊಂಡು ಹೊತ್ತು ಕಳೆಯುತ್ತಿದ್ದರು. ಮಾವ ಈ ಎರಡೂ ಪಂಗಡಕ್ಕೆ ಸೇರಿದವರಲ್ಲ. ಪುಣೆಯ ಪಲ್ಟನ್ನಿನಲ್ಲಿ ಹದಿನೆಂಟು ವರ್ಷ ಸಾಹೇಬರ ಊಟದ ಮನೆಯಲ್ಲಿ ದುಡಿದು, ಬರುವಾಗ ಒಂದು ಟ್ರಂಕು, ಒಂದು ದಪ್ಪ ಗಾಜಿನ ಗ್ಲಾಸು ಮತ್ತು ಈ ವಿದ್ಯೆ ತಂದಿದ್ದರು. ತಿಂಗಳಿಗೊಂದು ಭರಣಿ ಮಾಡುತ್ತಿದ್ದರು. ಅದು ತೀರುವ ತನಕ ದಿನಕ್ಕೆ ಒಂದೇ ಗ್ಲಾಸು, ಮಧ್ಯಾಹ್ನ ಊಟಕ್ಕೆ ಮೊದಲು, ಪಡಸಾಲೆಯ ಕಿಟಕಿ ಕೆಳಗೆ ಕೂತು. ಎರಡನೇ ಗ್ಲಾಸಿಗೆ ಅವರು ಕೈ ಹಾಕಿದ್ದನ್ನು ನಾನು ನೋಡಿಲ್ಲ.

ನಾನು ಇಂಡಿ ಕಡೆಯವಳು. ಹಲಸಂಗಿಯ ಆಚೆ ನಮ್ಮ ತವರು, ಸುತ್ತ ಲಿಂಬೆ ತೋಟ. ಏಳನೇ ಇಯತ್ತೆ ಓದಿದ್ದೆ, ಬಾಯಿ ಜೋರಿತ್ತು, ಸಿಟ್ಟು ಮೂಗಿನ ಮೇಲೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೆ ಮುದ್ದೇಬಿಹಾಳದ ಕಾಲುವೆ ಆಫೀಸಿನಲ್ಲಿ ಕೆಲಸ, ಅಲ್ಲಿ ಅವರಿಗೆ ಒಂದು ಕೋಣೆ ಮಾತ್ರ ಇತ್ತು. ಹೀಗಾಗಿ ಎರಡು ವರ್ಷ ನಾನು ಅತ್ತೆ ಮಾವನ ಜೊತೆಗೇ ಇದ್ದೆ. ಕುಡುಕರ ಮನೆಗೆ ಕೊಟ್ಟರಲ್ಲ ಎಂದು ಒಂದು ವಾರ ಅಳುತ್ತಲೇ ಇದ್ದೆ. ಎಂಟನೇ ದಿನ ಮಾವ ಮಾಳಿಗೆಯ ಮೇಲಿಂದ ಕೂಗಿದರು.

“ಯವ್ವಾ, ನಿನ್ನ ಕಣ್ಣ ಛಲೋ ಅದಾವೇನ?”

“ಅದಾವ್ರಿ.”

“ಹಂಗಾದ್ರ ಮ್ಯಾಲ ಬಾ. ನನ್ನ ಕಣ್ಣಿಗಿ ಪರೆ ಬಂದೈತಿ.”

ಮಾಳಿಗೆಯ ಮೇಲೆ ಬಿಳೀ ಧೋತರ ಹಾಸಿ ಅದರ ಮೇಲೆ ಮೊಳಕೆ ಬಂದ ಜವೆಗೋಧಿ ಒಣ ಹಾಕಿದ್ದರು. ಎರಡು ದಿನ ನೆನೆಸಿ, ತೋಯಿಸಿದ ಗೋಣಿ ತಟ್ಟಿನಲ್ಲಿ ಕಟ್ಟಿಟ್ಟು, ಕಾಳಿನ ತುದಿಯಲ್ಲಿ ಬೇರು ಚಿಗುರಿದ ಮೇಲೆ ಬಿಸಿಲಿಗೆ ಹರಡಿದ ಗೋಧಿ. ಅದರಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕಾಳು ಒಂದೂ ಇರಬಾರದು, ಒಂದೊಂದನ್ನೂ ಆರಿಸಿ ತೆಗೆಯಬೇಕು. ಅದು ನನ್ನ ಕೆಲಸವಾಯಿತು. ಬಣ್ಣಕ್ಕೆ ಇಷ್ಟು ಯಾಕೆ ಸಾಯುತ್ತೀರಿ ಎಂದು ನಾನು ಕೇಳಿದೆ. ಕೇಳದೆ ಬಿಡುವವಳಲ್ಲ ನಾನು. ಪಲ್ಟನ್ನಿನಲ್ಲಿ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿಯೇ ಸಾಹೇಬರು ಬಾಯಿಗೆ ಇಡುತ್ತಿದ್ದರಂತೆ. ಕುಸುಬಿ ಎಣ್ಣೆಯ ಬಣ್ಣ ಇರಬೇಕು. ಅದಕ್ಕಿಂತ ಒಂದು ಎಳೆ ಕಪ್ಪಾದರೂ ವಾಪಸು ಬರುತ್ತಿತ್ತು.

“ನಾಲಗಿ ಮರತ ಬಿಡತೈತಿ ಯವ್ವಾ. ಕಣ್ಣ ಮರಿಯೂದಿಲ್ಲ,” ಎನ್ನುತ್ತಿದ್ದರು.

ಬಣ್ಣ ಎಲ್ಲಿ ಕೆಡುತ್ತದೆ ಎಂಬುದನ್ನು ಹೀಗೆ ಅವರ ಹಿಂದೆ ಮುಂದೆ ಓಡಾಡಿಯೇ ಕಲಿತೆ. ಗೋಧಿಯನ್ನು ಬಿಸಿಲಿಗೆ ಒಣಗಿಸಬೇಕು. ಬೆಂಕಿ ತೋರಿಸಿದರೆ ಕಾಳಿನ ಹೊಟ್ಟೆ ಕಂದುತ್ತದೆ, ಆಮೇಲೆ ಏನು ಮಾಡಿದರೂ ತಿಳಿಯಾಗುವುದಿಲ್ಲ. ಊರ ಬಾವಿಯ ಸವಳು ನೀರು ಹಾಕಿದರೆ ಸಿಪ್ಪೆಯ ಒಗರೆಲ್ಲ ಇಳಿದು ಕೆಂಪಾಗುತ್ತದೆ, ಅದಕ್ಕೆ ಹಳ್ಳದ ಒರತೆಯ ನೀರೇ ಬೇಕು. ಬೀಸುಕಲ್ಲಿನಲ್ಲಿ ಒಡೆದ ಗೋಧಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿದ ಸಿಹಿ ನೀರಿಗೆ ಒಣಗಿಸಿಟ್ಟ ಬೇವಿನ ಹೂವು ಹಾಕಿ ಕುದಿಸುತ್ತಿದ್ದರು. ಬಹಳ ಕುದಿಸಿದರೆ ಬೆಲ್ಲದ ಪಾಕದ ದಾರಿ ಹಿಡಿಯುತ್ತದೆ ಎಂದು ಒಲೆಯ ಮುಂದಿಂದ ಏಳುತ್ತಿರಲಿಲ್ಲ. ಹಂಡೆ ತಾಮ್ರದ್ದು, ಕಲಾಯಿ ಮಾಸಿದ್ದರೆ ಅಂದಿನ ಕೆಲಸ ಬಂದ್. ಆರಿದ ಮೇಲೆ ಒಂದು ಬಟ್ಟಲು ಸಿಂದಿ ಹೆಪ್ಪು ಹಾಕಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ ಎಂಟು ದಿನ ಮುಟ್ಟುತ್ತಿರಲಿಲ್ಲ. ಗಾಳಿ ತಾಗಿದರೂ ಕಪ್ಪಾಗುತ್ತದಂತೆ, ಕೊಯ್ದಿಟ್ಟ ಬದನೆಕಾಯಿ ಹಾಗೆ.

ಇಷ್ಟೆಲ್ಲ ಮಾಡಿಯೂ ಬಣ್ಣ ತಪ್ಪಿದರೆ ಮಾವ ಬಾಯಿಗೂ ಇಡದೆ ಅಂಗಳದ ಬೇವಿನ ಗಿಡಕ್ಕೆ ಸುರಿಯುತ್ತಿದ್ದರು. ಆ ಗಿಡ ನಮ್ಮೂರಿನಲ್ಲೇ ಎಲ್ಲಕ್ಕಿಂತ ಸೊಕ್ಕಿನದು ಎಂದು ಅತ್ತೆ ಚೇಷ್ಟೆ ಮಾಡುತ್ತಿದ್ದರು.

ಬರ ಕಳೆದ ಮರುವರ್ಷ, ಚಳಿಗಾಲದಲ್ಲಿ, ಮಾವ ಹಾಸಿಗೆ ಹಿಡಿದರು. ಕಣ್ಣು ಹಳದಿಯಾದವು, ಹೊಟ್ಟೆಯಲ್ಲಿ ನೀರು ತುಂಬಿತು. ಸಿಂದಗಿಯ ಡಾಕ್ಟರು ಒಂದು ಹನಿಯೂ ಕೂಡದು ಎಂದು ನನ್ನ ಗಂಡನಿಗೆ ಹೇಳಿದರು. ಇವರು ಮುದ್ದೇಬಿಹಾಳಕ್ಕೆ ಹೊರಡುವ ಮುಂಚೆ ಭರಣಿಯಲ್ಲಿ ಉಳಿದಿದ್ದನ್ನೆಲ್ಲ ಬೇವಿನ ಬುಡಕ್ಕೆ ಚೆಲ್ಲಿ, “ಅಪ್ಪಗ ಹೇಳಬ್ಯಾಡ. ಕೇಳಿದ್ರ ಏನರ ಹೇಳಿ ಸಾಗಹಾಕು,” ಎಂದು ನನಗೊಬ್ಬಳಿಗೇ ಹೇಳಿ ಹೋದರು. ಸಾಗಹಾಕುವ ಕೆಲಸ ಯಾವಾಗಲೂ ಮನೆಯಲ್ಲಿ ಇರುವವರ ಪಾಲಿಗೇ ಬರುತ್ತದೆ.

ನಾಲ್ಕನೇ ದಿನ ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋಗಿದ್ದರು. ಮಾವ ಗೋಡೆಗೆ ಒರಗಿ ಕೂತು, “ಯವ್ವಾ, ಒಂದ ಗ್ಲಾಸ ಕೊಡು. ಅರ್ಧಾನೇ ಕೊಡು,” ಎಂದರು. ಇಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ಚೆಲ್ಲಿದ್ದೇವೆ ಎನ್ನುವ ಧೈರ್ಯವೂ ಬರಲಿಲ್ಲ. ಒಳಗೆ ಹೋಗಿ ಹಾಲಿಲ್ಲದ ಚಹಾ ಕಾಸಿದೆ, ನೀರು ಬೆರೆಸಿ ಆರಿಸಿದೆ. ಬಣ್ಣ ಕೆಂಪಗೇ ಇತ್ತು. ತವರಿನಿಂದ ಬಂದಿದ್ದ ಲಿಂಬೆಹಣ್ಣು ಒಂದು ಹೋಳು ಹಿಂಡಿದೆ. ಇಂಡಿಯ ಹುಡುಗಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ, ಲಿಂಬೆ ಬಿದ್ದರೆ ಚಹಾ ಬಿಳಿಚಿಕೊಳ್ಳುತ್ತದೆ. ಕಣ್ಣೆದುರಿಗೇ ಕೆಂಪು ಕರಗಿ, ತಿಳಿ ಹಳದಿಯಾಗಿ, ಕುಸುಬಿ ಎಣ್ಣೆಯ ಬಣ್ಣಕ್ಕೆ ಬಂದು ನಿಂತಿತು.

ಅವರದೇ ಗ್ಲಾಸಿನಲ್ಲಿ ಕೊಟ್ಟೆ. ಮಾವ ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಮುಖದ ಮೇಲೆ ಆ ಹಳದಿ ಬೆಳಕು ಅಲ್ಲಾಡುತ್ತಿತ್ತು.

“ಬಣ್ಣ ಬಂದೈತಿ ನೋಡವ್ವಾ,” ಎಂದರು.

ಆಮೇಲೆ ಕುಡಿದರು. ಒಂದೇ ಗುಟುಕಿಗೆ ನಿಲ್ಲಿಸಿ ನನ್ನ ಕಡೆ ನೋಡಿದರು. ಬೈಯಲಿಲ್ಲ. ಉಗುಳಲಿಲ್ಲ. ಉಳಿದದ್ದನ್ನೂ ನಿಧಾನವಾಗಿ ಕುಡಿದು, ಗ್ಲಾಸನ್ನು ಕಿಟಕಿಯ ಕಲ್ಲಿನ ಮೇಲೆ ಇಟ್ಟು ಗೋಡೆಯ ಕಡೆ ಹೊರಳಿ ಮಲಗಿದರು. ಮರುದಿನ ಬೆಳಗ್ಗೆ ಹೋಗಿಬಿಟ್ಟರು. ಅವರು ನನಗೆ ಆಡಿದ ಕೊನೆಯ ಮಾತು ಬಣ್ಣದ್ದು.

ಮೂರನೇ ದಿನ, ಮಣ್ಣು ಮಾಡಿದ್ದ ನಮ್ಮ ಹೊಲದ ಬದುವಿನಲ್ಲಿ ಎಡೆ ಇಟ್ಟು ಕಾಗೆಗಾಗಿ ಕಾದೆವು. ಕಾಗೆ ಮುಟ್ಟಿತೋ, ಸತ್ತವರು ತೃಪ್ತಿಯಿಂದ ಹೊರಟರು ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಅದು ತೀರುವ ತನಕ ಮನೆ ಬಿಟ್ಟು ಹೋಗುವುದಿಲ್ಲ. ಅಂದು ಕಾಗೆ ಬಂದು ಜಾಲಿ ಗಿಡದ ಮೇಲೆ ಕೂತು ನೋಡುತ್ತಿತ್ತೇ ಹೊರತು ಕೆಳಗಿಳಿಯಲಿಲ್ಲ. ನನ್ನ ಗಂಡ ಕೈ ಮುಗಿದು, “ಅವ್ವನ್ನ ಛಂದಂಗ ನೋಡಕೋತೇನಿ ಅಪ್ಪಾ,” ಎಂದರು. ಕಾಗೆ ಇಳಿಯಲಿಲ್ಲ. ಹೊಲ ಮಾರುವುದಿಲ್ಲ ಎಂದರು, ಎತ್ತು ಮಾರುವುದಿಲ್ಲ ಎಂದರು. ಬಿಸಿಲು ನೆತ್ತಿಗೆ ಬಂತು. ಆಗ ಅತ್ತೆ ಮೆಲ್ಲಗೆ, “ಅವರದು ಗ್ಲಾಸ ಉಳದೈತಿ,” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳಲಿಲ್ಲ, ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಕೊನೆಗೆ ಎಡೆಯನ್ನು ಆಕಳಿಗೆ ತಿನ್ನಿಸಿ ಮನೆಗೆ ಬಂದೆವು. ಬರುವ ಮಹಾನವಮಿ ಅಮಾವಾಸ್ಯೆಗೆ, ಹಿರಿಯರಿಗೆ ಎಡೆ ಹಿಡಿಯುವ ದಿನ, ಅವರದೇ ಬಿಯರ್ ಮಾಡಿ ಇಡುವುದು ಎಂದು ತೀರ್ಮಾನವಾಯಿತು.

ಅಲ್ಲಿಂದ ಶುರುವಾಯಿತು. ಮಧ್ಯಾಹ್ನ ಒಲೆಯ ಮುಂದೆ ಕೂತಿದ್ದರೆ ಪಡಸಾಲೆಯಲ್ಲಿ ಗ್ಲಾಸು ಕಲ್ಲಿನ ಮೇಲೆ ಇಟ್ಟ ಸಪ್ಪಳ ಕೇಳುತ್ತಿತ್ತು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ, ಗ್ಲಾಸು ಗೋಡೆಯ ಗೂಡಿನಲ್ಲಿ ಬೋರಲು ಬಿದ್ದಿದೆ. ಈಗ ಯಾರೂ ನೆನೆಸದಿದ್ದರೂ ಗೋಧಿ ನೆನೆಸಿದ ಮನೆಯ ವಾಸನೆ ಬರುತ್ತಿತ್ತು. ಅತ್ತೆಗೆ ಹೇಳಿದರೆ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಇರತಾರ ಅಲ್ಲೆ. ಎಲ್ಲಿ ಹೋಗ್ಯಾರ?” ಎನ್ನುತ್ತಿದ್ದರು. ನಾನು ಒಬ್ಬಳೇ ಪಡಸಾಲೆಗೆ ಹೋಗುವುದನ್ನೇ ಬಿಟ್ಟೆ.

ಅದೇ ವರ್ಷ ನನ್ನ ಗಂಡನಿಗೆ ಬಾಗೇವಾಡಿ ತಾಲೂಕಿನ ಆಲಮಟ್ಟಿಗೆ ವರ್ಗವಾಗಿ, ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ ಸಿಕ್ಕವು. ಊರು ಬಿಟ್ಟರೆ ಇದೂ ಬಿಡುತ್ತದೆ ಎಂದುಕೊಂಡೆ. ಬಿಡಲಿಲ್ಲ. ಅಲ್ಲಿ ಸಪ್ಪಳ ಇರಲಿಲ್ಲ, ಬಣ್ಣ ಇತ್ತು. ಬೆಳಕು ಹಾಯುವ ಹಳದಿ ಎಲ್ಲಿ ಕಂಡರೂ ಅದರ ಹಿಂದೆ ಮಾವನ ಮುಖ. ದೀಪದ ಎಣ್ಣೆಯ ಶೀಶೆಯಲ್ಲಿ, ಅಂಗಡಿಯ ಪೆಪ್ಪರಮಿಂಟಿನ ಡಬ್ಬಿಯಲ್ಲಿ, ಅಲ್ಲಿಯೇ ಹುಟ್ಟಿದ ನಮ್ಮ ಕೂಸಿನ ಔಷಧಿಯ ಬಾಟಲಿಯಲ್ಲಿ. ನಾನು ಚಹಾಕ್ಕೆ ಲಿಂಬೆ ಹಿಂಡುವುದನ್ನು ಬಿಟ್ಟೆ. ಇಂಡಿಯಿಂದ ತಮ್ಮ ಚೀಲ ತುಂಬ ಲಿಂಬೆ ತಂದರೆ ನೆರೆಮನೆಯವರಿಗೆ ಹಂಚುತ್ತಿದ್ದೆ. ದೊಡ್ಡ ಮನಸ್ಸಿನವಳು ಎಂದು ಅವರು ಹೊಗಳುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ‘ನೀ ಮಾಡಿದ್ದು ಛಲೋನೇ ಆತು’ ಎನ್ನುತ್ತಿದ್ದರು. ಆ ಮಾತು ನನಗೆ ಬೇಕಿರಲಿಲ್ಲ. ಆ ಮುದುಕ ತನ್ನ ಕಡೆಯ ಗ್ಲಾಸು ಕುಡಿದು ಮನೆ ಬಿಟ್ಟು ಹೋದರೆ ಸಾಕಾಗಿತ್ತು.

ಮೊದಲ ವರ್ಷ ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಬಂದೆ. ಅತ್ತೆ ಅಷ್ಟರಲ್ಲೇ ಮಾಡಿ ಮುಗಿಸಿ ಭರಣಿ ಮುಚ್ಚಿದ್ದರು. ಮಳೆ ಹಿಡಿದಿತ್ತು, ಬಿಸಿಲಿರಲಿಲ್ಲ, ಗೋಧಿಯನ್ನು ರೊಟ್ಟಿಯ ಹಂಚಿನ ಮೇಲೆ ಹಾಕಿ ಒಣಗಿಸಿದೆ ಎಂದರು. ಹಬ್ಬದ ದಿನ ಗ್ಲಾಸಿಗೆ ಸುರಿದರೆ ಹಳೇ ಬೆಲ್ಲದ ಬಣ್ಣ. ರುಚಿ ಸರಿ ಇದೆಯೋ ಏನೋ, ನೋಡುವ ಹಾಗಿಲ್ಲ. ಎಡೆಗೆ ಇಡುವುದನ್ನು ಇಡುವ ಮುಂಚೆ ಬಾಯಿಗೆ ಹಾಕಿಕೊಂಡರೆ ಎಂಜಲು. ಹೋಳಿಗೆಯಾದರೂ ಅಷ್ಟೇ, ಬಿಯರ್ ಆದರೂ ಅಷ್ಟೇ. ಕಣ್ಣಿನಿಂದ ಮಾತ್ರ ಅಳೆಯಬೇಕು.

“ಬಣ್ಣ ತಪ್ಪಿದ್ದನ್ನ ಇದ್ದಾಗ ಮುಟ್ಟಲಿಲ್ಲ. ಸತ್ತ ಮ್ಯಾಲ ಹೆಂಗ ಇಡೂದು?” ಎಂದು ಅತ್ತೆ ಅದನ್ನು ಬೇವಿಗೆ ಸುರಿದರು. ಗ್ಲಾಸು ಇಲ್ಲದ ಎಡೆ ಮಾಳಿಗೆ ಏರಿತು. ಅತ್ತೆ ಅದರ ಪಕ್ಕದಲ್ಲೇ ಸೆರಗು ಹೊದ್ದು ಕೂತರು. ಕಾಗೆ ಮುಟ್ಟಲಿಲ್ಲ.

ಎರಡನೇ ವರ್ಷ ನಾನು ಬೇಸಗೆಯಲ್ಲೇ ಆಲಮಟ್ಟಿಯ ಬಿಸಿಲಿಗೆ ಗೋಧಿ ಒಣಗಿಸಿ, ಕಂದು ಕಾಳು ಆರಿಸಿ, ಡಬ್ಬಿ ತುಂಬಿ ಕಳಿಸಿಕೊಟ್ಟೆ. ಹಬ್ಬಕ್ಕೆ ಹೋದರೆ ಮತ್ತೆ ಅದೇ ಬಣ್ಣ. ಹಳ್ಳದ ಒರತೆ ಈ ಸಲದ ಮಳೆಗೆ ಹೂಳಿನಲ್ಲಿ ಮುಚ್ಚಿಹೋಗಿದೆ, ಸವಳು ಬಾವಿಯ ನೀರೇ ಹಾಕಿದೆ ಎಂದರು ಅತ್ತೆ. ಮೂರನೇ ವರ್ಷ ಕೃಷ್ಣೆಯ ನೀರನ್ನು ಡಬ್ಬದಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು, “ಏನ್ರಿ ಅಕ್ಕಾರ, ಸಿಂದಗ್ಯಾಗ ನೀರ ಸಿಗೂದಿಲ್ಲೇನ್ರಿ?” ಎಂದು ನಕ್ಕ. ‘ನಮ್ಮ ಮಾವಗ ಬೇಕಾಗೈತಿ’ ಎಂದೆ. ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ದಾರಿಯುದ್ದಕ್ಕೂ ಪಕ್ಕದ ಸೀಟಿನ ಕಡೆ ನೋಡಲು ಹೆದರಿದೆ. ಆ ವರ್ಷವೂ ಕಪ್ಪು. ಹಂಡೆಯ ಕಲಾಯಿ ಹೋಗಿತ್ತು, ಗಮನಿಸಲಿಲ್ಲ ಎಂದರು ಅತ್ತೆ. ಪ್ರತಿ ವರ್ಷ ಒಂದು ಕಾರಣ, ಪ್ರತಿ ಕಾರಣವೂ ಮಾವನ ಬಾಯಿಂದ ನಾನು ಕೇಳಿದ್ದೇ. ಅನುಮಾನಕ್ಕೆ ಆಸ್ಪದವೇ ಇರಲಿಲ್ಲ. ಎಲ್ಲಾ ನನ್ನ ಪಾಪದ ಫಲ, ಅವರು ನನ್ನ ಕೈಯಿಂದ ಇನ್ನೇನೂ ತೆಗೆದುಕೊಳ್ಳಲು ತಯಾರಿಲ್ಲ ಎಂದುಕೊಂಡೆ. ಊಟ ಸೇರುತ್ತಿರಲಿಲ್ಲ. ಕೂಸಿನ ಮೇಲೆ ರೇಗುತ್ತಿದ್ದೆ.

ನಾಲ್ಕನೇ ವರ್ಷ ಹಟ ಹಿಡಿದೆ. ಹಬ್ಬಕ್ಕೆ ಹನ್ನೆರಡು ದಿನ ಮೊದಲೇ ಹೋಗಿ ಕೂತೆ. ಒಣಗಿಸಿದ ಗೋಧಿ ನನ್ನದು, ನೀರು ನಾನು ತಂದದ್ದು. ಸಿಂದಗಿ ಸಂತೆಗೆ ಹಂಡೆ ಹೊತ್ತೊಯ್ದು, ಕಲಾಯಿಯವನ ಮುಂದೆ ಕೂತು ಕಲಾಯಿ ಹಾಕಿಸಿಕೊಂಡು ಬಂದೆ. ಹಂಡೆಯೊಳಗೆ ಮುಖ ಕಾಣುತ್ತಿತ್ತು. ಬೀಸಿದ್ದು, ನೆನೆಸಿದ್ದು, ಸೋಸಿದ್ದು, ಒಲೆಗೆ ಏರಿಸಿದ್ದು ಎಲ್ಲಾ ನಾನೇ. ಅತ್ತೆಗೆ ಬೇವಿನ ಹೂವು ಹಾಕುವುದಕ್ಕೂ ಬಿಡಲಿಲ್ಲ. ಹೊತ್ತು ಇನ್ನೂ ಏರುತ್ತಿತ್ತು. ಸೌಟಿನಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಎಷ್ಟು ತಿಳಿ! ಇನ್ನು ಕೆಳಗಿಳಿಸುವುದಷ್ಟೇ ಬಾಕಿ. ಹಿಡಿಯಲು ಬಟ್ಟೆ ಬೇಕಾಗಿ ಅಂಗಳದ ಹಗ್ಗದ ಮೇಲಿದ್ದುದನ್ನು ತರಲು ಹೋದೆ.

ಬಂದು ನೋಡುತ್ತೇನೆ, ಅತ್ತೆ ಒಲೆಯ ಮುಂದೆ ಬಾಗಿದ್ದಾರೆ. ಕೈಯಲ್ಲಿ ಒಂದು ಅರಿವೆಯ ಗಂಟು. ಅದನ್ನು ಹಂಡೆಯೊಳಗೆ ಇಳಿಬಿಡುತ್ತಿದ್ದರು. ಗಂಟಿನ ಸುತ್ತ ನೀರು ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು.

ಹಾರಿ ಹೋಗಿ ಅವರ ಕೈ ತಟ್ಟಿ ಗಂಟು ಹೊರಗೆಳೆದೆ. ಬೆರಳು ಸುಟ್ಟವು. ನೆಲಕ್ಕೆ ಬಿದ್ದು ಬಿಚ್ಚಿದ ಗಂಟಿನಲ್ಲಿ ಕರ್‍ರಗೆ ಹುರಿದ ಗೋಧಿ.

ಅತ್ತೆ ಗಾಬರಿಯಾಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, “ನೋಡಿದೇನ? ನೋಡು,” ಎಂದು ಅಲ್ಲೇ ಕೂತರು.

“ನಾಕ ವರ್ಷಾ ಇದನ್ನ ಮಾಡೀರೇನ್ರಿ?”

“ಮಾಡೇನಿ.”

ನಾನು ಬಾಯಿಗೆ ಬಂದಂತೆ ಅಂದೆ. ಡಬ್ಬ ಹೊತ್ತು ತಂದ ನೀರು, ಆರಿಸಿದ ಕಾಳು, ನಾನು ಪಟ್ಟ ಪಾಡು ಎಲ್ಲಾ ಅಂದೆ. ಅನ್ನುತ್ತಾ ಅನ್ನುತ್ತಾ ಅನ್ನಬಾರದೆಂದು ನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೂ ಬಂದುಬಿಟ್ಟಿತು. ಮಾವ ಗ್ಲಾಸು ಕೇಳಿದ್ದು, ಭರಣಿ ಬರಿದಾಗಿದ್ದು, ಚಹಾ ಕಾಸಿದ್ದು, ಲಿಂಬೆ ಹಿಂಡಿದ್ದು. “ಕಡೀಗಿ ಸುಳ್ಳ ಕುಡಿಸಿ ಕಳಿಸೇನ್ರಿ ಅತ್ತಿ. ಅದಕ್ಕ ಹೋಗವಲ್ರು. ನನ್ನ ಸಲುವಾಗಿ ಹೋಗವಲ್ರು,” ಎಂದು ಅತ್ತೆಯ ಕಾಲ ಬಳಿ ಕುಸಿದೆ.

ಅತ್ತೆ ಒಲೆಯಿಂದ ಉರಿಯುವ ಕಟ್ಟಿಗೆಯೊಂದನ್ನು ಹಿಂದಕ್ಕೆ ಎಳೆದರು. ಆಮೇಲೆ, “ಗೊತ್ತೈತಿ,” ಎಂದರು.

ನಾನು ತಲೆ ಎತ್ತಿದೆ.

“ಆವತ್ತ ಸಂಜಿಕಿ ಹೊಲದಿಂದ ಬಂದಾಗ ಅವರ ಹೇಳಿದ್ರು. ಇಂಡಿ ಹುಡುಗಿ ಚಹಾದಾಗ ಲಿಂಬಿ ಹಿಂಡಿ ಬಣ್ಣ ತಂದಾಳ ನೋಡು, ನನಕಿಂತ ಛಲೋ ತಂದಾಳ ಅಂದ್ರು. ನಗತಿದ್ರು. ಆಕೀಗಿ ಹೇಳಬ್ಯಾಡ, ಅಂಜತಾಳ ಅಂದ್ರು. ನಾ ಹೇಳಲಿಲ್ಲ.”

“ನಾಕ ವರ್ಷಾ ಹೇಳಲಿಲ್ಲಲ್ರೀ!”

“ನೀ ಇಷ್ಟ ಒಳಗ ಇಟಗೊಂಡೀದಿ ಅಂತ ನನಗೇನ ಗೊತ್ತು? ಅವರ ಮಾತ ನಾ ಎಂದರ ಮೀರೇನಿ?”

ಹುರಿದ ಗೋಧಿಯ ಗಂಟು ನಮ್ಮಿಬ್ಬರ ನಡುವೆ ಬಿದ್ದಿತ್ತು. ಮೀರದವರು ಮಾಡಿದ ಕೆಲಸ ಅದು. ನಾನು ಅದರ ಕಡೆ ಕೈ ತೋರಿಸಿದೆ.

“ಅವರ ನಿನ್ನ ಸಲುವಾಗಿ ನಿಂತಿಲ್ಲವ್ವಾ. ನಾ ನಿಂದರಿಸಿಕೊಂಡೇನಿ,” ಎಂದರು ಅತ್ತೆ. “ಹದಿನೆಂಟ ವರ್ಷ ಪಲ್ಟನ್ನಿನವರ ಇಟಗೊಂಡಿದ್ರು. ಆಗ ನನ್ನ ಯಾರೂ ಕೇಳಲಿಲ್ಲ. ಈಗ ನಾ ಇಟಗೊಂಡ್ರ ಯಾರಿಗೇನ ಹೊಟ್ಟಿನೋವು?”

ಎಡೆಯ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವರು ಯಾಕೆ ಕೂರುತ್ತಿದ್ದರು ಎಂದು ಆಗ ತಿಳಿಯಿತು. ಮನುಷ್ಯರು ಅಷ್ಟು ಹತ್ತಿರ ಕೂತರೆ ಯಾವ ಕಾಗೆ ಇಳಿಯುತ್ತದೆ? ಇಷ್ಟು ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ. ಸಪ್ಪಳಕ್ಕೆ ನಾನು ಬೆಚ್ಚಿಬೀಳುತ್ತಿದ್ದ ಮನೆಯಲ್ಲಿ ಅವರು ಅದೇ ಸಪ್ಪಳ ಕೇಳುತ್ತಾ ಸಮಾಧಾನದಿಂದ ರೊಟ್ಟಿ ಬಡಿಯುತ್ತಿದ್ದರು. ಮಾವನ ಮೇಲೆ ನನಗೆ ಪ್ರೀತಿ ಇತ್ತೆಂದು ತಿಳಿದಿದ್ದೆ. ನನಗಿದ್ದದ್ದು ಹೆದರಿಕೆ. ನನ್ನ ಬೆನ್ನಿನಿಂದ ಅವರು ಇಳಿದು ಹೋಗಲಿ ಎಂದು ಇಷ್ಟೆಲ್ಲ ಮಾಡಿದ್ದೆ. ನಾಚಿಕೆಯಾಯಿತು.

ಹಂಡೆ ಇನ್ನೂ ಒಲೆಯ ಮೇಲಿತ್ತು. ಗಂಟು ಬೇಗ ಎಳೆದಿದ್ದರಿಂದ ಬಣ್ಣ ಅಷ್ಟಾಗಿ ಕೆಟ್ಟಿರಲಿಲ್ಲ. ಒಂದು ಕೊಡ ಕೃಷ್ಣೆಯ ನೀರು ಉಳಿದಿತ್ತು. ಬೆರೆಸಿದ್ದರೆ ಕುಸುಬಿ ಎಣ್ಣೆಗೆ ತಂದುಬಿಡಬಹುದಿತ್ತು. ಆ ವಿದ್ಯೆ ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ಬರುತ್ತಿತ್ತು. ಅತ್ತೆ ಬೇಡಿಕೊಳ್ಳಲಿಲ್ಲ. ಒಲೆಯ ಕಡೆ ನೋಡುತ್ತಾ ಸುಮ್ಮನೆ ಕೂತಿದ್ದರು, ಕೈಗಳು ಮಡಿಲಲ್ಲಿ.

ನಾನು ಚೆಲ್ಲಿದ ಕಾಳನ್ನು ಬಳಿದು, ಅರಿವೆ ಕಟ್ಟಿ, ಗಂಟನ್ನು ನನ್ನ ಕೈಯಾರೆ ಹಂಡೆಗೆ ಹಾಕಿದೆ. ಸೌಟಿನಿಂದ ಅದುಮಿ ಹಿಡಿದೆ. ಕಪ್ಪು ಎಳೆ ಎಳೆಯಾಗಿ ಬಿಟ್ಟುಕೊಂಡು ಹರಡಿತು.

ಎಂಟು ದಿನದ ಮೇಲೆ, ಅಮಾವಾಸ್ಯೆಯ ಮಧ್ಯಾಹ್ನ, ಅತ್ತೆ ಮಾಳಿಗೆಯ ಮೇಲೆ ಗ್ಲಾಸು ಇಲ್ಲದ ಎಡೆಯ ಪಕ್ಕದಲ್ಲಿ ಕೂತು ಬಂದರು. ಕಾಗೆ ಬರಲಿಲ್ಲ. ಗಂಡ ಕೂಸನ್ನು ಎತ್ತಿಕೊಂಡು ಹೊಲದ ಕಡೆ ಹೋಗಿದ್ದರು. ನಾನು ವಾಡಿಕೆಯಂತೆ ಭರಣಿಯನ್ನು ಬೇವಿನ ಕಡೆ ಹೊತ್ತೊಯ್ಯುತ್ತಿದ್ದೆ.

“ತಡಿ,” ಎಂದರು ಅತ್ತೆ. “ಇದು ಎಡಿಗಿ ಬರಲಿಲ್ಲ. ಅಂದ ಮ್ಯಾಲ ಎಂಜಲ ಆಗೂದು ಏನೈತಿ?”

ಗೂಡಿನಿಂದ ಆ ದಪ್ಪ ಗ್ಲಾಸು ತಂದು ಅರ್ಧ ತುಂಬಿಸಿ ತಾವು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿ ಬಾಯಲ್ಲೇ ಹಿಡಿದುಕೊಂಡು ಆಮೇಲೆ ನುಂಗಿದರು. “ದಿನಾ ತಳದಾಗಿನ ಗುಟಕ ನನಗ ಇಡತಿದ್ರು,” ಎಂದರು. “ಸ್ವಲ್ಪ ಹೊತ್ತಿದಂಗ ಐತಿ. ಆದರ ಅದ ರುಚಿ. ಅದೇ ಐತಿ.” ಗ್ಲಾಸನ್ನು ನನ್ನ ಕಡೆ ಚಾಚಿದರು.

ಎರಡು ವರ್ಷ ಕಾಳು ಆರಿಸಿ, ನಾಲ್ಕು ವರ್ಷ ಬಣ್ಣದ ಬೆನ್ನು ಹತ್ತಿ, ನಾನು ಅದನ್ನು ಒಮ್ಮೆಯೂ ಬಾಯಿಗೆ ಇಟ್ಟಿರಲಿಲ್ಲ. ಕುಡಿದೆ. ಮೊದಲು ಬೇವಿನ ಕಹಿ ಬಂತು, ಅದು ಇಳಿದ ಮೇಲೆ ಹೊಸ ಗೋಧಿಯ ಸಿಹಿ, ತಂಪು. ತಲೆಗೇನೂ ಏರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಮನುಷ್ಯ ಬಯಸಬಹುದಾದ ಬಹಳ ಸಾಧಾರಣ ವಸ್ತು ಅದು. ಅರ್ಧ ಗ್ಲಾಸು ಕೇಳಿದ್ದರು. ಅದು ಹೇಗಿರುತ್ತದೆ ಎಂದೂ ತಿಳಿಯದೆ ನಾನು ಅದರ ಬಣ್ಣವನ್ನಷ್ಟೇ ಕೊಟ್ಟಿದ್ದೆ.